ಸಂಪಾದಕರ ಉತ್ತರ: ಸಮಾಜಶಾಸ್ತ್ರದ ಗೋಷ್ಠಿಯಲ್ಲಿ ಪ್ರಶ್ನೆ ಕೇಳುವವರು ಯಾರು?

ಮಾನ್ಯರೇ,

ನಿಮ್ಮ ದೀರ್ಘ ಪತ್ರವೂ ಅದರೊಂದಿಗೆ ನೀವು ಲಗತ್ತಿಸಿದ ಪ್ರಬಂಧವೂ ತಲುಪಿವೆ. ನಿಮ್ಮ ಕೋರಿಕೆಯಂತೆ ನಿಮ್ಮ ಹೆಸರನ್ನೂ ಆ ವಿಶ್ವವಿದ್ಯಾಲಯದ ಹೆಸರನ್ನೂ ಇಲ್ಲಿ ಬಿಟ್ಟಿದ್ದೇವೆ. ಪತ್ರವನ್ನು ನೋಡದ ಓದುಗರಿಗಾಗಿ ಅದರ ಸಾರವನ್ನು ಹೇಳುತ್ತೇನೆ. ಮಂಡ್ಯ ಜಿಲ್ಲೆಯ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುವ ನೀವು, ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗ ಏರ್ಪಡಿಸಿದ್ದ ಎರಡು ದಿನಗಳ ರಾಷ್ಟ್ರೀಯ ವಿಚಾರ ಸಂಕಿರಣಕ್ಕೆ ನೋಂದಣಿ ಶುಲ್ಕ ಕಟ್ಟಿ, ಇಬ್ಬರು ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹೋಗಿದ್ದಿರಿ. ಉದ್ಘಾಟನೆ, ಸನ್ಮಾನ, ಅಧ್ಯಕ್ಷೀಯ ನುಡಿಗಳು ಮುಗಿಯುವ ಹೊತ್ತಿಗೆ ಊಟದ ವೇಳೆಯಾಗಿತ್ತು. ಏಕಕಾಲದಲ್ಲಿ ನಡೆದ ಹಲವು ಗೋಷ್ಠಿಗಳಲ್ಲಿ ಒಂದರಲ್ಲಿ ನಿಮಗೆ ಸಿಕ್ಕಿದ್ದು ಐದು ನಿಮಿಷ. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮರುದಿನದ ವಿಶೇಷ ಉಪನ್ಯಾಸ ಪೂರ್ತಿ ಇಂಗ್ಲಿಷಿನಲ್ಲಿದ್ದುದರಿಂದ ನಿಮ್ಮ ವಿದ್ಯಾರ್ಥಿನಿಯರಿಗೆ ಅದು ದಕ್ಕಲಿಲ್ಲ. ಇಷ್ಟು ಬರೆದು ನೀವು ಕೇಳಿದ್ದೀರಿ: ಇಂಥ ಗೋಷ್ಠಿಗಳ ವರದಿಗಳಿಗೆ ನಿಮ್ಮ ಪತ್ರಿಕೆ ಪುಟಗಳನ್ನು ಕೊಡುವುದೇಕೆ, ಇವುಗಳನ್ನು ನಿಲ್ಲಿಸಿ ಆ ಹಣವನ್ನು ವಿದ್ಯಾರ್ಥಿಗಳ ಕ್ಷೇತ್ರಾಧ್ಯಯನಕ್ಕೆ ಕೊಡಬಾರದೇಕೆ?

ನೀವು ಕಂಡದ್ದರ ಬಗ್ಗೆ ನಮಗೆ ತಕರಾರಿಲ್ಲ. ಬೇರೆ ಜಿಲ್ಲೆಗಳ ಅಧ್ಯಾಪಕರೂ ಸಂಶೋಧನಾ ವಿದ್ಯಾರ್ಥಿಗಳೂ ಇದನ್ನೇ ಬರೆಯುತ್ತಿದ್ದಾರೆ. ಆದರೆ ಗೋಷ್ಠಿಗಳನ್ನೇ ನಿಲ್ಲಿಸಬೇಕೆಂಬ ತೀರ್ಮಾನವನ್ನು ಒಪ್ಪಲು ನನ್ನಿಂದ ಸಾಧ್ಯವಾಗುತ್ತಿಲ್ಲ. ಅದಕ್ಕೆ ಕಾರಣವನ್ನು ವಿವರವಾಗಿಯೇ ಹೇಳಬೇಕು.

ಸಮಾಜಶಾಸ್ತ್ರದಲ್ಲಿ ಒಬ್ಬ ಸಂಶೋಧಕಿ ಒಂದು ಹಳ್ಳಿಗೋ ಕೇರಿಗೋ ಕಾರ್ಖಾನೆಗೋ ಹೋಗಿ ತಿಂಗಳುಗಟ್ಟಲೆ ಕಂಡು ಕೇಳಿ ಬರೆದುಕೊಂಡು ಬರುತ್ತಾಳೆ. ಆಕೆ ಕಂಡದ್ದನ್ನು ಇನ್ನೊಬ್ಬರು ಅದೇ ರೀತಿಯಲ್ಲಿ ಮತ್ತೆ ಕಾಣುವುದು ಅಸಾಧ್ಯ. ಹಾಗಿರುವಾಗ ಆಕೆಯ ನಿರ್ಣಯ ಗಟ್ಟಿಯೋ ಟೊಳ್ಳೋ ಎಂಬುದನ್ನು ಅಚ್ಚಿಗೆ ಹೋಗುವ ಮೊದಲು ಪರೀಕ್ಷಿಸಲು ನಮಗಿರುವ ದಾರಿ ಒಂದೇ: ಬೇರೆ ಊರನ್ನು, ಬೇರೆ ಜಾತಿಯನ್ನು, ಬೇರೆ ಕಸುಬನ್ನು ಅಷ್ಟೇ ಶ್ರದ್ಧೆಯಿಂದ ನೋಡಿ ಬಂದವರ ಎದುರು ಅದನ್ನು ಇಟ್ಟು, ಅವರ ಪ್ರಶ್ನೆಗಳಿಗೆ ಉತ್ತರ ಕೊಡುವುದು. ಗೋಷ್ಠಿ ಇರುವುದು ಇದಕ್ಕಾಗಿ. ಪ್ರಶ್ನೆಯಿಲ್ಲದ ಗೋಷ್ಠಿಯಲ್ಲಿ ಪ್ರಬಂಧ ಓದಿದ ಅಧ್ಯಾಪಕಿಗೆ ನಷ್ಟವಾಗುವುದು ಸಂತೋಷವೊಂದೇ ಅಲ್ಲ. ತನ್ನ ಕೆಲಸದಲ್ಲಿ ಎಲ್ಲಿ ಬಿರುಕಿದೆ ಎಂದು ತಿಳಿಯುವ ಅವಕಾಶವೇ ಕೈತಪ್ಪುತ್ತದೆ.

ಒಂದು ಗೋಷ್ಠಿಯನ್ನು ನೆನಪಿಸಿಕೊಳ್ಳೋಣ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರದ ಗೋಷ್ಠಿಯಲ್ಲಿ ಇಪ್ಪತ್ತೈದರ ಹರೆಯದ ವಿದ್ಯಾರ್ಥಿಯೊಬ್ಬರು ಭಾರತದ ಜಾತಿಗಳ ಹುಟ್ಟು, ರಚನೆ, ಬೆಳವಣಿಗೆಗಳ ಕುರಿತು ಪ್ರಬಂಧ ಮಂಡಿಸಿದರು. ಅವರು ಭೀಮರಾವ್ ಅಂಬೇಡ್ಕರ್. ಜಾತಿಯ ತಿರುಳು ಇರುವುದು ಒಳವಿವಾಹದಲ್ಲಿ, ಅಂದರೆ ತಮ್ಮ ಗುಂಪಿನೊಳಗೇ ಮದುವೆಯಾಗಬೇಕೆಂಬ ಕಟ್ಟಳೆಯಲ್ಲಿ ಎಂದೂ, ಸತಿ, ಕಡ್ಡಾಯ ವೈಧವ್ಯ, ಬಾಲ್ಯವಿವಾಹಗಳು ಆ ಒಳವಿವಾಹವನ್ನು ಕಾಯಲು ಹುಟ್ಟಿದ ಪದ್ಧತಿಗಳೆಂದೂ ಅಲ್ಲಿ ವಾದಿಸಿದ ಅವರು, ತಮಗಿಂತ ಮೊದಲು ಜಾತಿಯ ಬಗ್ಗೆ ಬರೆದಿದ್ದ ಸೆನಾರ್, ನೆಸ್‌ಫೀಲ್ಡ್, ರಿಸ್ಲೆ, ಕೇತ್ಕರ್ ಅವರ ವ್ಯಾಖ್ಯೆಗಳನ್ನು ಒಂದೊಂದಾಗಿ ತೂಗಿ ನೋಡಿದರು. ಪ್ರಬಂಧದ ಕೊನೆಯಲ್ಲಿ, ತಮ್ಮ ವಾದ ನಿಲ್ಲುವಂಥದ್ದಲ್ಲವೆಂದು ಯಾರಾದರೂ ತೋರಿಸಿಕೊಟ್ಟರೆ ಅದನ್ನು ಕೈಬಿಡಲು ಸಿದ್ಧ ಎಂಬ ಅರ್ಥದ ಮಾತನ್ನೂ ಸೇರಿಸಿದರು. ಮರುವರ್ಷ ಅದು ಅಚ್ಚಾಯಿತು, ಇಂದಿಗೂ ನಮ್ಮ ತರಗತಿಗಳಲ್ಲಿ ಪಠ್ಯವಾಗಿದೆ. ಒಬ್ಬ ವಿದ್ಯಾರ್ಥಿಯ ಗೋಷ್ಠಿ ಪ್ರಬಂಧ ಇಷ್ಟು ದೂರ ಬಂದದ್ದು ಮುಖ್ಯವಾಗಿ ಅವರ ಪ್ರತಿಭೆಯಿಂದ. ಆದರೂ ಪೂರ್ತಿ ವಾದವನ್ನು ಮಂಡಿಸುವಷ್ಟು ಸಮಯವೂ ಅದನ್ನು ತೂಗಬಲ್ಲ ಕೇಳುಗರೂ ಇದ್ದ ಒಂದು ಕೋಣೆ ಅವರಿಗೆ ಸಿಕ್ಕಿತ್ತು ಎಂಬುದನ್ನು ನಾವು ಮರೆಯಬಾರದು. ಅಂಥ ಕೋಣೆಯನ್ನು ಒದಗಿಸುವುದು ವಿಭಾಗದ ಕರ್ತವ್ಯ.

ಇನ್ನೊಂದು ಉದಾಹರಣೆ ನಿಮ್ಮ ಜಿಲ್ಲೆಯದೇ. 1949ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ಸ್ ಗ್ಲಕ್‌ಮನ್ ಸಾಮಾಜಿಕ ಮಾನವಶಾಸ್ತ್ರ ವಿಭಾಗವನ್ನು ಕಟ್ಟಿದರು. ಆ ವಿಭಾಗದ ಗೋಷ್ಠಿ ಕಟುವಾದ, ಬಿಡದೆ ಬೆನ್ನಟ್ಟುವ ಪ್ರಶ್ನೆಗಳಿಗೆ ಹೆಸರಾಗಿತ್ತು. ಮಧ್ಯ ಆಫ್ರಿಕಾದ ಹಳ್ಳಿಗಳಿಂದಲೂ ಗಣಿಪಟ್ಟಣಗಳಿಂದಲೂ ಮರಳಿದವರು ಅಲ್ಲಿ ತಮ್ಮ ಟಿಪ್ಪಣಿಗಳನ್ನು ಒಡ್ಡುತ್ತಿದ್ದರು. ಆ ವಿಭಾಗದಿಂದಲೇ ಸಂಶೋಧಕಿ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಲ್ಲಿ ಮಂಡ್ಯಕ್ಕೆ ಬಂದರು. ಎರಡು ಹಳ್ಳಿಗಳಲ್ಲಿ 1956ರವರೆಗೆ ಇದ್ದು, ಅವಕ್ಕೆ ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳನ್ನಿಟ್ಟು ಬರೆದರು. ನಾಲೆಯ ನೀರು ಬಂದ ವಂಗಲದಲ್ಲಿ ಕಬ್ಬು ಬೆಳೆದು ಹಣ ಬಂದರೂ ಹಳೆಯ ಸಾಮಾಜಿಕ ಸಂಬಂಧಗಳು ಬಹುಮಟ್ಟಿಗೆ ಉಳಿದವು. ಸುತ್ತಲೂ ನೀರಾವರಿಯಿದ್ದು ತನಗೆ ಮಾತ್ರ ನೀರು ಸಿಗದ ದಲೇನದ ಜನ ಹೊರಗಿನ ಕೆಲಸ, ವ್ಯಾಪಾರಗಳತ್ತ ತಿರುಗಿದರು, ಹೆಚ್ಚಿನ ಬದಲಾವಣೆ ಆದದ್ದು ಅಲ್ಲೇ. ನೀರು ಬಂದ ಕಡೆ ಬದಲಾವಣೆ ಹೆಚ್ಚು ಎಂದು ಯಾರಾದರೂ ಊಹಿಸುತ್ತಾರೆ. ಆ ಊಹೆಯನ್ನು ಪಕ್ಕದ ಒಣಹಳ್ಳಿಯ ಮೇಲೆ ಒರೆ ಹಚ್ಚಿ ನೋಡುವ ಅಭ್ಯಾಸವನ್ನು ಬೆಳೆಸುವುದು ಇಂಥ ಗೋಷ್ಠಿಗಳು. ಎಪ್‌ಸ್ಟೈನ್ ಆ ಹಳ್ಳಿಗಳಿಗೆ ಮತ್ತೆ ಮತ್ತೆ ಮರಳಿದರು; ನಾಲ್ಕು ದಶಕಗಳ ಬದಲಾವಣೆಯ ಕುರಿತ ಅವರ 1998ರ ಪುಸ್ತಕಕ್ಕೆ ಇಬ್ಬರು ಕನ್ನಡಿಗರು ಸಹಲೇಖಕರು.

ಹೊರಗಿನಿಂದ ಬಂದವರ ಉಪನ್ಯಾಸದ ಬಗೆಗೂ ಇದೇ ಮಾತು. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1963ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಕೊಟ್ಟ ಟ್ಯಾಗೋರ್ ಸ್ಮಾರಕ ಉಪನ್ಯಾಸಗಳೇ ಆಧುನಿಕ ಭಾರತದ ಸಾಮಾಜಿಕ ಪರಿವರ್ತನೆಯನ್ನು ಕುರಿತ ಅವರ 1966ರ ಪುಸ್ತಕವಾದವು. ವರ್ಷಗಳ ಕ್ಷೇತ್ರಾನುಭವವನ್ನು ಕೆಲವೇ ಗಂಟೆಗಳಲ್ಲಿ, ಆ ಸಮಾಜವನ್ನು ಕಾಣದವರಿಗೆ ವಿವರಿಸಬೇಕಾದಾಗ ವಿದ್ವಾಂಸನೊಬ್ಬ ತನ್ನ ಪರಿಕಲ್ಪನೆಗಳನ್ನು ತಾನೇ ಬಿಗಿಗೊಳಿಸಿಕೊಳ್ಳಬೇಕಾಗುತ್ತದೆ. ಅತಿಥಿ ಉಪನ್ಯಾಸದಿಂದ ಕೇಳುಗರಿಗೆ ಎಷ್ಟು ಲಾಭವೋ ಅತಿಥಿಗೂ ಅಷ್ಟೇ ಲಾಭವಿರುವುದು ಈ ಕಾರಣಕ್ಕೆ.

ಹಾಗಾದರೆ ನೀವು ಕಂಡ ಸ್ಥಿತಿ ಎಲ್ಲಿಂದ ಬಂತು? ಸಂಘಟಕರ ಅನಾಸಕ್ತಿಯನ್ನು ಮಾತ್ರ ದೂರಿದರೆ ಅನ್ಯಾಯವಾಗುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2010ರ ನಿಯಮಾವಳಿಯ ಮೂಲಕ ಅಧ್ಯಾಪಕರ ನೇಮಕಾತಿಗೂ ಬಡ್ತಿಗೂ ಅಂಕಗಳ ಪದ್ಧತಿಯನ್ನು ತಂದಿತು, 2018ರಲ್ಲಿ ಅದನ್ನು ಪರಿಷ್ಕರಿಸಿತು. ಪರಿಷ್ಕೃತ ಪಟ್ಟಿಯ ಪ್ರಕಾರ ಪ್ರಬಂಧ ಮಂಡನೆಗೋ ಆಹ್ವಾನಿತ ಉಪನ್ಯಾಸಕ್ಕೋ ವಿದೇಶದಲ್ಲಿ ನಡೆದ ಅಂತಾರಾಷ್ಟ್ರೀಯ ಗೋಷ್ಠಿಯಾದರೆ 7 ಅಂಕ, ದೇಶದೊಳಗಿನ ಅಂತಾರಾಷ್ಟ್ರೀಯ ಗೋಷ್ಠಿಗೆ 5, ರಾಷ್ಟ್ರೀಯಕ್ಕೆ 3, ರಾಜ್ಯ ಅಥವಾ ವಿಶ್ವವಿದ್ಯಾಲಯ ಮಟ್ಟದ್ದಕ್ಕೆ 2. ಈ ಪಟ್ಟಿಯಲ್ಲಿ ಪ್ರಬಂಧವನ್ನು ಮಂಡಿಸಿದವರಿಗೆ ಅಂಕವಿದೆ; ಅದನ್ನು ಓದಿಕೊಂಡು ಬಂದು ಅರ್ಥಪೂರ್ಣವಾಗಿ ಆಕ್ಷೇಪಿಸಿದವರಿಗೆ ಏನೂ ಇಲ್ಲ. ಬ್ಯಾನರಿನ ಮೇಲೆ ‘ರಾಷ್ಟ್ರೀಯ’ ಎಂಬ ಪದ ಕಡ್ಡಾಯವಾದದ್ದೂ, ಒಂದೇ ಮಧ್ಯಾಹ್ನಕ್ಕೆ ಹತ್ತಾರು ಪ್ರಬಂಧಗಳನ್ನು ತುಂಬುವುದೂ, ಪ್ರಮಾಣಪತ್ರ ಕೈಸೇರಿದ ಕೂಡಲೇ ಸಭಾಂಗಣ ಖಾಲಿಯಾಗುವುದೂ ಇದರಿಂದಲೇ. ಬಡ್ತಿಗೆ ಕಾಯುತ್ತಿರುವ ಅಧ್ಯಾಪಕರನ್ನು ಇದಕ್ಕಾಗಿ ದೂಷಿಸಲು ನನಗೆ ಮನಸ್ಸಾಗುವುದಿಲ್ಲ. ಆದರೆ ಉದ್ಘಾಟನೆಗೆ ಎಷ್ಟು ಹೊತ್ತು, ಚರ್ಚೆಗೆ ಎಷ್ಟು ಹೊತ್ತು ಎಂಬುದನ್ನು ಆಯೋಗ ಗೊತ್ತುಮಾಡಿಲ್ಲ. ಅದು ಪೂರ್ತಿಯಾಗಿ ವಿಭಾಗದ ಕೈಯಲ್ಲಿದೆ.

ಭಾಷೆಯ ವಿಚಾರದಲ್ಲಿ ನಿಮ್ಮ ನೋವು ನನ್ನದೂ ಹೌದು. ಶ್ರೀನಿವಾಸ್ ಕೊಡಗಿನ ಅಧ್ಯಯನದಿಂದ ‘ಸಂಸ್ಕೃತೀಕರಣ’ವನ್ನೂ (ಕೆಳಗಿನ ಜಾತಿಗಳು ಮೇಲಿನ ಜಾತಿಗಳ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವುದು), ಮೈಸೂರು ಸೀಮೆಯಲ್ಲಿ 1948ರಲ್ಲಿ ತಾವು ವಾಸವಿದ್ದು ರಾಮಪುರವೆಂದು ಹೆಸರಿಟ್ಟ ಹಳ್ಳಿಯ ಅಧ್ಯಯನದಿಂದ ‘ಪ್ರಬಲ ಜಾತಿ’ಯ (ಜನಸಂಖ್ಯೆ, ಜಮೀನು, ಅಧಿಕಾರಗಳಿಂದ ಊರಿನಲ್ಲಿ ಮೇಲುಗೈ ಪಡೆದ ಜಾತಿ) ಪೂರ್ಣ ವಿವರಣೆಯನ್ನೂ ಪಡೆದರು. ರಾಮಪುರದ ಜಗಲಿಗಳಲ್ಲಿ, ಗದ್ದೆಯ ಬದುಗಳಲ್ಲಿ ಕನ್ನಡದಲ್ಲಿ ನಡೆದ ಮಾತುಕತೆ ಇಂಗ್ಲಿಷಿನ ಪರಿಕಲ್ಪನೆಯಾಗಿ ಜಗತ್ತನ್ನು ಸುತ್ತಿ, ಈಗ ನಮ್ಮ ಎಂ.ಎ. ವಿದ್ಯಾರ್ಥಿಗಳಿಗೆ ಬಾಯಿಪಾಠದ ಐದು ಅಂಕದ ಪ್ರಶ್ನೆಯಾಗಿ ತಲುಪುತ್ತಿದೆ. ಅದೇ ಸೀಮೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಊರಿನಲ್ಲಿ ಈಗ ಪ್ರಬಲರು ಯಾರು, ಆ ಪ್ರಾಬಲ್ಯ ಜಮೀನಿನಿಂದ ಬಂದದ್ದೋ, ಪಂಚಾಯಿತಿಯಿಂದಲೋ, ಬೆಂಗಳೂರಿನ ಹಣದಿಂದಲೋ ಎಂದು ಎದ್ದುನಿಂತು ಅತಿಥಿಯನ್ನು ಕೇಳಲಾಗದೆ ಕೂತಿರುತ್ತಾಳೆ ಎಂಬುದು ನನಗೆ ಸಹಿಸಲಾಗದ ಸಂಗತಿ. ಆಕೆಯ ಬಳಿ ಅತಿಥಿಗೆ ಗೊತ್ತಿಲ್ಲದ ಜ್ಞಾನವಿದೆ. ಅದು ಹೊರಬರಲು ವಿಭಾಗ ಮಾಡಬೇಕಾದ ಕೆಲಸ ಬಹಳ ದೊಡ್ಡದೇನಲ್ಲ: ಉಪನ್ಯಾಸದ ಮುಖ್ಯಾಂಶಗಳನ್ನು ಎರಡು ಪುಟಗಳ ಕನ್ನಡದಲ್ಲಿ ಒಂದು ವಾರ ಮೊದಲೇ ವಿದ್ಯಾರ್ಥಿಗಳಿಗೆ ಕೊಡಬಹುದು, ಅತಿಥಿ ಇಂಗ್ಲಿಷಿನಲ್ಲಿ ಮಾತನಾಡಿದರೂ ಪ್ರಶ್ನೋತ್ತರ ಕನ್ನಡದಲ್ಲಿ ನಡೆಯುತ್ತದೆಂದು ಮೊದಲೇ ಸಾರಬಹುದು, ವಿಭಾಗದ ಅಧ್ಯಾಪಕರೊಬ್ಬರು ನಡುವೆ ಕೂತು ಎರಡೂ ಕಡೆಯ ಮಾತನ್ನು ದಾಟಿಸಬಹುದು. ಮೈಸೂರು ವಿಶ್ವವಿದ್ಯಾಲಯ ಕಳೆದ ಶತಮಾನದ ಮೂವತ್ತರ ದಶಕದಲ್ಲೇ ಪ್ರಚಾರೋಪನ್ಯಾಸಗಳ ಮೂಲಕ ಪ್ರಾಧ್ಯಾಪಕರನ್ನು ಊರೂರಿಗೆ ಕಳುಹಿಸಿ ಕನ್ನಡದಲ್ಲಿ ಮಾತನಾಡಿಸಿ, ಆ ಉಪನ್ಯಾಸಗಳನ್ನು ಸಣ್ಣ ಪುಸ್ತಕಗಳಾಗಿ ಅಚ್ಚು ಹಾಕಿಸಿದ ಪರಂಪರೆ ನಮ್ಮದು. ದತ್ತಿ ಉಪನ್ಯಾಸಗಳನ್ನು ನಡೆಸುವ ವಿಭಾಗಗಳು ಕನಿಷ್ಠ ಅವುಗಳ ಪಠ್ಯವನ್ನಾದರೂ ಹೊರತರಬೇಕು.

ಗೋಷ್ಠಿಯ ಹಣವನ್ನು ಕ್ಷೇತ್ರಾಧ್ಯಯನಕ್ಕೆ ಕೊಡಿ ಎಂಬ ನಿಮ್ಮ ಸಲಹೆಯಲ್ಲಿ ಅರ್ಧವನ್ನು ಮನಸಾರೆ ಒಪ್ಪುತ್ತೇನೆ. ವರ್ಷಕ್ಕೊಂದು ದೊಡ್ಡ ಸಂಕಿರಣದ ಶಾಮಿಯಾನ, ಕಿಟ್ ಬ್ಯಾಗು, ಸ್ಮರಣಿಕೆಗಳಿಗೆ ಹೋಗುವ ಹಣದಲ್ಲಿ ವಿದ್ಯಾರ್ಥಿಗಳ ತಂಡವೊಂದು ಹಳ್ಳಿಯಲ್ಲಿ ಕೆಲವು ವಾರ ಇದ್ದು ಬರಬಹುದು. ಆದರೆ ಅವರು ಮರಳಿ ಬಂದ ಮೇಲೆ ಏನಾಗಬೇಕು? ಅವರು ತಂದದ್ದನ್ನು ಯಾರಾದರೂ ಕೂತು ಕೇಳಬೇಕಲ್ಲವೇ? ದೆಹಲಿ ವಿಶ್ವವಿದ್ಯಾಲಯದಲ್ಲಿ 1959ರಲ್ಲಿ ಶ್ರೀನಿವಾಸ್ ಕಟ್ಟಿದ ಸಮಾಜಶಾಸ್ತ್ರ ವಿಭಾಗದಲ್ಲಿ ಸಂಶೋಧನಾ ಗೋಷ್ಠಿ ವಿಭಾಗದ ದಿನಚರಿಯ ಭಾಗವಾಗಿದೆ. ಒಬ್ಬರು ಮಂಡಿಸುತ್ತಾರೆ, ಉಳಿದವರು ಚರ್ಚಿಸುತ್ತಾರೆ. ನಮ್ಮ ವಿಭಾಗಗಳೂ ಹದಿನೈದು ದಿನಕ್ಕೊಮ್ಮೆ ಒಂದು ಮಧ್ಯಾಹ್ನವನ್ನು ಇದಕ್ಕೆ ಮೀಸಲಿಡಬಹುದು. ಪ್ರಬಂಧ ಮೊದಲೇ ಎಲ್ಲರ ಕೈಸೇರಿರಲಿ. ಮಂಡನೆಗೆ ಇಪ್ಪತ್ತು ನಿಮಿಷ, ಪ್ರಬಂಧವನ್ನು ಓದಿಕೊಂಡು ಬಂದ ಒಬ್ಬರ ಪ್ರತಿಕ್ರಿಯೆಗೆ ಹತ್ತು ನಿಮಿಷ, ಉಳಿದ ಒಂದು ಗಂಟೆ ಚರ್ಚೆಗೆ, ಅದರಲ್ಲೂ ಮೊದಲ ಎರಡು ಪ್ರಶ್ನೆಗಳು ವಿದ್ಯಾರ್ಥಿಗಳಿಗೆ. ಖರ್ಚಾಗುವುದು ಚಹಾಕ್ಕೂ ಒಬ್ಬರ ಬಸ್ಸಿನ ದರಕ್ಕೂ. ಅತಿಥಿಗಳನ್ನು ಆರಿಸುವಾಗ ಕುಲಪತಿಗಳ, ನಿವೃತ್ತ ಪ್ರಾಧ್ಯಾಪಕರ ಆಚೆಗೂ ನೋಡಬೇಕು. ನಿಮ್ಮಂಥ ಕಾಲೇಜು ಅಧ್ಯಾಪಕರನ್ನು, ಪೌರಕಾರ್ಮಿಕರ ಸಂಘದಲ್ಲಿ ದುಡಿದವರನ್ನು, ಅಂಗನವಾಡಿ ಮೇಲ್ವಿಚಾರಕಿಯನ್ನು ಕರೆಯಬೇಕು. ಸಮಾಜವನ್ನು ದಿನವೂ ಹತ್ತಿರದಿಂದ ಕಾಣುವವರು ಇವರು. ಇವರ ಮಾತಿಗೆ ಪ್ರಶ್ನೆ ಕೇಳಲು ವಿದ್ಯಾರ್ಥಿಗಳು ಹಿಂಜರಿಯುವುದೂ ಕಡಿಮೆ.

ನಮ್ಮ ಪತ್ರಿಕೆಯ ಬಗ್ಗೆ ನೀವೆತ್ತಿದ ಆಕ್ಷೇಪಕ್ಕೆ ನಮ್ಮ ನಿರ್ಧಾರ ಇದು: ಮುಂದಿನ ಸಂಚಿಕೆಯಿಂದ ಗೋಷ್ಠಿಗಳ ಉದ್ಘಾಟಕರ, ಅತಿಥಿಗಳ ಪಟ್ಟಿಯನ್ನು ನಾವು ಪ್ರಕಟಿಸುವುದಿಲ್ಲ. ಯಾವ ಪ್ರಬಂಧ, ಅದರ ವಾದವೇನು, ಅದಕ್ಕೆ ಯಾವ ಪ್ರಶ್ನೆ ಬಂತು, ಏನು ಉತ್ತರ ಸಿಕ್ಕಿತು ಎಂಬುದನ್ನು ಬರೆದು ಕಳುಹಿಸುವ ವಿಭಾಗಗಳಿಗೆ ಎರಡು ಪುಟಗಳನ್ನು ಕಾದಿರಿಸುತ್ತೇವೆ.

ಇನ್ನು ನಿಮ್ಮ ಪ್ರಬಂಧ. ಮಂಡ್ಯ, ಮದ್ದೂರು ಸುತ್ತಿನ ಹಳ್ಳಿಗಳಿಂದ ದಿನವೂ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಹೋಗಿಬರುವ ಹೆಂಗಸರನ್ನು ಕುರಿತ ಅದನ್ನು ಪೂರ್ತಿ ಓದಿದೆ. ಆ ದಿನ ನಿಮ್ಮನ್ನು ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಈಗಲಾದರೂ ಕೇಳುತ್ತೇನೆ. ಸಂಬಳ ಹೆಂಗಸರ ಕೈಯಲ್ಲೇ ಉಳಿಯುತ್ತದೆ ಎಂದು ಬರೆದಿದ್ದೀರಿ. ಆ ಮಾತನ್ನು ಅವರು ಹೇಳಿದ್ದು ಮನೆಯಲ್ಲಿ ಅತ್ತೆಯ, ಗಂಡನ ಎದುರಿಗೋ, ಬಸ್ ನಿಲ್ದಾಣದಲ್ಲಿ ಒಬ್ಬರೇ ಇದ್ದಾಗಲೋ? ಕಾರ್ಖಾನೆಗೆ ಹೋಗುವವರ ಮನೆಗಳನ್ನು ಮಾತ್ರ ನೋಡಿದ್ದೀರಿ. ಅದೇ ಬೀದಿಯಲ್ಲಿ ಹೋಗದವರ ಮನೆಗಳಲ್ಲೂ ಹೆಣ್ಣುಮಕ್ಕಳ ಓದು, ಮದುವೆಯ ವಯಸ್ಸು ಹಾಗೆಯೇ ಬದಲಾಗಿದ್ದರೆ ಅದನ್ನು ಕಾರ್ಖಾನೆಯ ಪರಿಣಾಮ ಎನ್ನುವುದು ಹೇಗೆ? ನೀವು ಆರಿಸಿದ ಹಳ್ಳಿಗಳಲ್ಲಿ ನಾಲೆಯ ನೀರಿರುವವು ಎಷ್ಟು, ಮಳೆಯನ್ನೇ ನಂಬಿದವು ಎಷ್ಟು, ಹೆಚ್ಚು ಹೆಂಗಸರು ಹೊರಡುವುದು ಯಾವುದರಿಂದ? ಕೊನೆಯದಾಗಿ, ಮಧ್ಯಾಹ್ನದ ಊಟದ ಡಬ್ಬಿಗಳನ್ನು ಎಲ್ಲರೂ ಹಂಚಿಕೊಂಡು ಉಣ್ಣುತ್ತಾರೆ ಎಂಬ ಒಂದೇ ಒಂದು ಸಾಲು ನಿಮ್ಮ ಆರನೆಯ ಪುಟದಲ್ಲಿದೆ. ಯಾರು ಯಾರೊಡನೆ ಹಂಚಿಕೊಳ್ಳುತ್ತಾರೆ, ಸಂಜೆ ವ್ಯಾನಿನಿಂದಿಳಿದು ಊರೊಳಗೆ ಬಂದ ಮೇಲೆ ಅದೇ ಇಬ್ಬರು ಒಬ್ಬರ ಮನೆಯಲ್ಲಿ ಇನ್ನೊಬ್ಬರು ನೀರು ಕುಡಿಯುತ್ತಾರೆಯೇ? ನನ್ನ ದೃಷ್ಟಿಯಲ್ಲಿ ನಿಮ್ಮ ಪ್ರಬಂಧದ ಅತ್ಯಂತ ಮುಖ್ಯ ಶೋಧ ಆ ಸಾಲಿನಲ್ಲೇ ಇರಬಹುದು, ಅದನ್ನು ನೀವು ಇನ್ನೂ ಬೆಳೆಸಬೇಕು.

ನಿಮ್ಮ ಉತ್ತರಗಳನ್ನು ಮುಂದಿನ ತಿಂಗಳ ಹದಿನೈದರೊಳಗೆ ಕಳುಹಿಸಿಕೊಟ್ಟರೆ ಪ್ರಬಂಧದೊಂದಿಗೆ ಅವನ್ನೂ ಪ್ರಕಟಿಸುತ್ತೇವೆ. ನಿಮ್ಮ ಜೊತೆ ಬಂದಿದ್ದ ಇಬ್ಬರು ವಿದ್ಯಾರ್ಥಿನಿಯರಿಗೂ ಈ ಪ್ರಶ್ನೆಗಳನ್ನು ತೋರಿಸಿ. ಅವರಿಗೆ ಬೇರೆ ಪ್ರಶ್ನೆಗಳು ಹೊಳೆದರೆ ಅವನ್ನೂ ಅವರ ಹೆಸರಿನಲ್ಲೇ ಬರೆದು ಕಳುಹಿಸಲು ಹೇಳಿ.

— ಸಂಪಾದಕ