ಒಂಟಿ ಎಲೆಕ್ಟ್ರಾನಿಗೆ ಪಂಕ್ತಿ ಇಲ್ಲ

ಪ್ರಶ್ನೆ: ಟಾಟಾ ಇನ್‌ಸ್ಟಿಟ್ಯೂಟಿನ ಓಪನ್ ಡೇಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಥರ್ಮಾಕೋಲ್ ಲೋಟದಲ್ಲಿ ಹೊಗೆಯಾಡುವ ದ್ರವ ಸಾರಜನಕ, ಅದರಲ್ಲೊಂದು ಕಪ್ಪು ಬಿಲ್ಲೆ, ಮೇಲೆ ತೇಲುವ ಪುಟ್ಟ ಅಯಸ್ಕಾಂತ. ಅದು ಸೂಪರ್‌ಕಂಡಕ್ಟರ್, ತಣ್ಣಗಾದರೆ ಅಡ್ಡಿಯೇ ಇಲ್ಲದೆ ವಿದ್ಯುತ್ ಹರಿಯಬಿಡುತ್ತದೆ ಅಂದರು. "ಬಿಲ್ಲೆಯಿಂದ ಒಂದೇ ಎಲೆಕ್ಟ್ರಾನ್ ತೆಗೆದರೆ ಅದಕ್ಕೂ ಈ ಗುಣ ಇರುತ್ತಾ ಅಪ್ಪಾ?" ಅಂತ ಕೇಳಿದಳು. ಏನು ಹೇಳಲಿ ಸರ್?
– ಓದುಗರು, ಬಸವನಗುಡಿ

ಉತ್ತರ: ಇರಲ್ಲ ಅಂತ ಹೇಳಿ. ನನ್ನ ಕಡೆಯಿಂದ ಒಂದು ಶಭಾಷ್ ಕೂಡ ಹೇಳಿ. ಅದು ಗುಂಪಿನ ಗುಣ. ಒಂಟಿ ಎಲೆಕ್ಟ್ರಾನನ್ನು ಎಷ್ಟು ಜಾಲಾಡಿದರೂ ಸಿಗದು.

ಮದುವೆ ಮನೆಯ ಬಫೆ ನೋಡಿದ್ದೀರಲ್ಲ? ತಟ್ಟೆ ಹಿಡಿದು ಒಬ್ಬೊಬ್ಬರು ಒಂದೊಂದು ಕಡೆ ನುಗ್ಗುತ್ತಾರೆ, ಡಿಕ್ಕಿಯಾಗಿ ಸಾರು ಚೆಲ್ಲುತ್ತದೆ. ಮಾಮೂಲಿ ತಂತಿಯಲ್ಲಿ ಎಲೆಕ್ಟ್ರಾನುಗಳ ಪಾಡೂ ಅದೇ. ಚೆಲ್ಲಿದ ಸಾರೇ ತಂತಿಯ ಬಿಸಿ. ಪಂಕ್ತಿಯಲ್ಲಿ ಹಾಗಲ್ಲ, ಎಲ್ಲರ ಮಜ್ಜಿಗೆ ಅನ್ನ ಮುಗಿಯದೆ ಒಬ್ಬರೇ ಏಳುವಂತಿಲ್ಲ. ಸೂಪರ್‌ಕಂಡಕ್ಟರಿನಲ್ಲೂ ಹಾಗೇ: ತೀರಾ ತಣ್ಣಗಾದ ಪಾದರಸದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ, ಜೋಡಿಗಳೆಲ್ಲ ಸೇರಿ ಒಂದೇ ಅಲೆಯಾಗುತ್ತವೆ. ಒಂದನ್ನು ಎಬ್ಬಿಸಬೇಕಾದರೆ ಜೋಡಿ ಮುರಿಯಬೇಕು. ಆ ಚಳಿಯಲ್ಲಿ ಅಷ್ಟು ಶಕ್ತಿ ಎಲ್ಲಿಂದ ಬರಬೇಕು?

ನೆದರ್ಲೆಂಡ್ಸಿನ ಲೈಡನ್ನಿನಲ್ಲಿ ವಿಜ್ಞಾನಿ ಕಾಮರ್ಲಿಂಗ್ ಓನ್ನೆಸ್ ಪಾದರಸದ ಈ ಗುಣ ಕಂಡದ್ದು 1911ರಲ್ಲಿ, ಮೈನಸ್ 269 ಡಿಗ್ರಿಯಲ್ಲಿ. ಒಂದು ಎಲೆಕ್ಟ್ರಾನಿನ ನಡೆ ಹೇಳುವ ಶ್ರೋಡಿಂಗರ್ ಸಮೀಕರಣ 1926ರಲ್ಲೇ ಕೈಗೆ ಬಂತು. ಆದರೂ ಬಾರ್ಡೀನ್, ಕೂಪರ್, ಶ್ರೀಫರ್ ಈ ಗುಂಪಿನ ಗುಟ್ಟು ಬಿಡಿಸುವಾಗ 1957 ಆಗಿತ್ತು.

ನೀವು ನೋಡಿದ ಬಿಲ್ಲೆ ಬಹುಶಃ 1987ರ ಕೂಸು: ಯಿಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ. ಅದಕ್ಕೆ ಮೈನಸ್ 180ರ ಚಳಿ ಸಾಕು. ದ್ರವ ಸಾರಜನಕ ಮೈನಸ್ 196. ಆಗ ಬೆಂಗಳೂರಿನಲ್ಲಿ ಸಿ. ಎನ್. ಆರ್. ರಾವ್ ಅವರ ತಂಡವೂ ಇದರ ಬೆನ್ನು ಹತ್ತಿತ್ತು. ಕಾಲೇಜು ಮೇಷ್ಟ್ರಾಗಿದ್ದ ನನಗೂ ಹುಚ್ಚು ಹಿಡಿಯಿತು. ಪುಡಿಗಳನ್ನು ಅರೆದು, ಒತ್ತಿ, ಕುಲುಮೆಗಿಟ್ಟೆ. ಮೊದಲ ಬಿಲ್ಲೆ ಪಾಚಿಯಂತೆ ಹಸಿರಾಗಿ ಬಂತು. ಪಾಕ ಕೆಟ್ಟರೆ ಹಾಗೇ. ಎರಡನೆಯದು ಕಪ್ಪಾಯಿತು, ಅಯಸ್ಕಾಂತ ಮಾತ್ರ ಅಲ್ಲಾಡಲಿಲ್ಲ, ಆಮ್ಲಜನಕ ಸಾಲದಾಗಿತ್ತು. ಅವೇ ಲೋಹಗಳು, ಆದರೆ ಪಂಕ್ತಿ ಕೂರಲಿಲ್ಲ! ಮೂರನೆಯದನ್ನು ಆಮ್ಲಜನಕ ಹಾಯಿಸುತ್ತ ನಿಧಾನವಾಗಿ ಆರಿಸಿದೆ. ತೇಲಿತು, ಒಂದು ಅಕ್ಕಿಕಾಳಿನಷ್ಟು ಎತ್ತರ.

ಪಾದರಸದಲ್ಲಿ ಜೋಡಿ ಕೂಡಿಸುವುದು ಪರಮಾಣುಗಳ ಕಂಪನ. ಈ ಬಿಲ್ಲೆಯಲ್ಲಿ ಆ ಪುರೋಹಿತ ಯಾರೆಂಬ ಜಗಳ ಇನ್ನೂ ತೀರಿಲ್ಲ, ಮಗಳಿಗೆ ಅದನ್ನೂ ಹೇಳಿ. ಮುಂದಿನ ಸಲ ಹೋದಾಗ ಬಿಲ್ಲೆಯ ಅಂಚಿನಲ್ಲಿ ಹಸಿರು ಚುಕ್ಕೆ ಇದೆಯಾ ನೋಡಿ.