ಹಳೆ ಟ್ಯಾಲಿ ಬಿಟ್ಟು ಹೊಸದಕ್ಕೆ ಹೋದರೆ ಹೋಲ್‌ಸೇಲ್ ವ್ಯಾಪಾರಕ್ಕೆ ನಿಜವಾಗಿ ಏನು ಲಾಭ?

ಅಂಗಡಿಯ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರನ್ನು ಹಳೆಯದರಿಂದ ಹೊಸದಕ್ಕೆ ಬದಲಿಸಿದರೆ ಲಾಭವೇನೆಂದು ಕೇಳಿದ್ದೀರಿ. “ಏಪ್ರಿಲ್ 1ಕ್ಕೆ ಹೊಸ ಕಂಪನಿ ತೆರೆದು ಪಾರ್ಟಿಗಳ ಬಾಕಿಯನ್ನಷ್ಟೇ ಹಾಕಿಕೊಳ್ಳಿ, ಹಳೆಯದರ ಗೊಡವೆ ಬೇಡ” ಎಂದು ಡೀಲರ್ ಹೇಳಿದರೆಂದು ಬರೆದಿದ್ದೀರಿ. (ಟ್ಯಾಲಿಯಲ್ಲಿ ‘ಕಂಪನಿ’ ಎಂದರೆ ಒಂದು ವ್ಯಾಪಾರದ ಲೆಕ್ಕಪುಸ್ತಕ.) ದಯವಿಟ್ಟು ಹಾಗೆ ಮಾಡಬೇಡಿ. ಹಳೆಯದಾದ ಟ್ಯಾಲಿ ಇಆರ್‌ಪಿ 9ರಿಂದ ಹೊಸದಾದ ಟ್ಯಾಲಿಪ್ರೈಮ್‌ಗೆ ಹೋಗುವಾಗ ನಾನು ಮಾಡಿದ್ದು ಅದನ್ನೇ. ಹುಬ್ಬಳ್ಳಿಯಲ್ಲಿ ಪೈಪು, ಫಿಟಿಂಗ್ಸ್, ಸಿಮೆಂಟಿನ ಹೋಲ್‌ಸೇಲ್ ಅಂಗಡಿ. ಲೆಕ್ಕ ನನ್ನ ಜವಾಬ್ದಾರಿ. ಸಾಫ್ಟ್‌ವೇರ್ ಮೊದಲ ದಿನದಿಂದಲೇ ಸರಿಯಾಗಿ ಓಡಿತು, ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಮೊತ್ತದ ಪಟ್ಟಿ) ಪೈಸೆಗೆ ಪೈಸೆ ತಾಳೆಯಾಯಿತು. ಹಾಳಾದದ್ದು ವಸೂಲಿ.

ತಪ್ಪು ಎಲ್ಲಿತ್ತೆಂದರೆ, ಪಾರ್ಟಿಯ ಲೆಡ್ಜರಿನಲ್ಲಿ, ಅಂದರೆ ಖಾತೆಯಲ್ಲಿ, ಬಿಲ್-ಬೈ-ಬಿಲ್ (ಬಾಕಿಯನ್ನು ಬಿಲ್‌ವಾರು ಇಡುವ) ಆಯ್ಕೆ ‘ಯೆಸ್’ ಇದ್ದರೆ ಓಪನಿಂಗ್ ಬ್ಯಾಲೆನ್ಸ್ (ಆರಂಭದ ಬಾಕಿ) ಹಾಕಿದ ಕೂಡಲೇ ಇನ್ನೊಂದು ಪಟ್ಟಿ ತೆರೆಯುತ್ತದೆ. ಬಿಲ್ ತಾರೀಖು, ಬಿಲ್ ನಂಬರ್, ಎಷ್ಟು ದಿನದ ಉದ್ರಿ, ಮೊತ್ತ. ನಾವು ಅಲ್ಲಿ ಪ್ರತಿ ಪಾರ್ಟಿಗೂ ಒಂದೇ ಸಾಲು ಹಾಕಿದೆವು: ನಂಬರ್ ಜಾಗದಲ್ಲಿ ‘ಹಳೆ ಬಾಕಿ’, ತಾರೀಖು ಮಾರ್ಚ್ 31, ಒಟ್ಟು ಮೊತ್ತ. ಒಬ್ಬ ಗಿರಾಕಿಯದು 2,36,400 ರೂಪಾಯಿ ಎಂದಿಟ್ಟುಕೊಳ್ಳಿ. ಅದರೊಳಗೆ ಡಿಸೆಂಬರ್ 9ರ 84,600, ಫೆಬ್ರವರಿ 2ರ 61,800, ಮಾರ್ಚ್ 27ರ 90,000 ಇವೆ. ಏಪ್ರಿಲ್ 15ಕ್ಕೆ ಡಿಸೆಂಬರಿನ ಬಿಲ್ಲಿಗೆ 127 ದಿನ ತುಂಬಿತ್ತು. ಹೊಸ ಟ್ಯಾಲಿ ಇಡೀ ಮೊತ್ತಕ್ಕೂ 15 ದಿನ ಎಂದು ತೋರಿಸುತ್ತಿತ್ತು. ಅಂದರೆ ತಡವಾಗಿ ಕೊಡುವವನೂ ಹೊತ್ತಿಗೆ ಸರಿಯಾಗಿ ಕೊಡುವವನೂ ನಮ್ಮ ಪಟ್ಟಿಯಲ್ಲಿ ಒಂದೇ ಆಗಿಬಿಟ್ಟರು. ಟ್ರಯಲ್ ಬ್ಯಾಲೆನ್ಸ್ ನೋಡುವುದು ಲೆಡ್ಜರಿನ ಒಟ್ಟು ಮೊತ್ತವನ್ನು ಮಾತ್ರ, ಒಳಗಿನ ಬಿಲ್ಲುಗಳನ್ನಲ್ಲ. ಹಾಗಾಗಿ ಅದು ತಾಳೆಯಾದದ್ದು ನೋಡಿ ಎಲ್ಲ ಸರಿಯಿದೆ ಎಂದು ನಂಬಿದೆವು.

ವಸೂಲಿಗೆ ಹೋದ ಹುಡುಗನನ್ನು ಗಿರಾಕಿ ಕೇಳುವುದು ಒಂದೇ ಮಾತು: “ಯಾವ ಬಿಲ್ಲಿಂದ್ರೀ? ನಂಬರ್ ಹೇಳ್ರಿ.” ಇವನ ಕೈಯಲ್ಲಿದ್ದದ್ದು ‘ಹಳೆ ಬಾಕಿ’ ಎಂಬ ಎರಡು ಪದ. ನಂಬರ್ ಇಲ್ಲದ ಬಾಕಿಗೆ ಯಾರೂ ಚೆಕ್ ಬರೆಯುವುದಿಲ್ಲ, ಬರೆಯಲೂ ಬಾರದು. ಬಂದ ದುಡ್ಡೂ ಯಾವ ಬಿಲ್ಲಿನದೆಂದು ತಿಳಿಯದೆ ‘ಆನ್ ಅಕೌಂಟ್’ (ಯಾವ ಬಿಲ್ಲಿಗೂ ಹೊಂದಿಸದ ಜಮೆ) ಸೇರುತ್ತಾ ಹೋಯಿತು. ಎರಡು ತಿಂಗಳಲ್ಲಿ ಬಾಕಿ ಪಟ್ಟಿ ನೋಡಿದರೂ ಒಂದೇ, ಬಿಟ್ಟರೂ ಒಂದೇ ಎನ್ನುವಂತಾಯಿತು.

ನಾವು ಹಣ ಕೊಡಬೇಕಾದವರ ಕಡೆ ಇದೇ ತಪ್ಪು ಇನ್ನೂ ದುಬಾರಿ. ಸರಬರಾಜುದಾರರಿಗೆ ಬಿಲ್ ತಾರೀಖಿನಿಂದ 180 ದಿನದೊಳಗೆ ಹಣ ಕೊಡದಿದ್ದರೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿಯ ಜಿಎಸ್‌ಟಿಗೆ ಸಿಗುವ ವಜಾ) ಬಡ್ಡಿ ಸಮೇತ ಹಿಂದಿರುಗಿಸಬೇಕು. ಆದಾಯ ತೆರಿಗೆ ನಿಯಮದ ಪ್ರಕಾರ (1961ರ ಕಾಯ್ದೆಯಲ್ಲಿ ಸೆಕ್ಷನ್ 43ಬಿ(ಎಚ್)), ನೋಂದಾಯಿತ ಸಣ್ಣ ಮತ್ತು ಅತಿಸಣ್ಣ ತಯಾರಕರಿಗೆ ಕರಾರು ಇಲ್ಲದಿದ್ದರೆ 15 ದಿನ, ಇದ್ದರೂ ಹೆಚ್ಚೆಂದರೆ 45 ದಿನ. ಅದು ಮೀರಿ ವರ್ಷದ ಕೊನೆಗೂ ಬಾಕಿ ಉಳಿದರೆ ಆ ಖರ್ಚು ಆ ವರ್ಷ ಸಿಗದು, ಹಣ ಕೊಟ್ಟ ವರ್ಷಕ್ಕೆ ಹೋಗುತ್ತದೆ. ಮೊದಲ ಎಣಿಕೆ ಶುರುವಾಗುವುದು ಬಿಲ್ಲಿನ ತಾರೀಖಿನಿಂದ, ಎರಡನೆಯದು ಮಾಲು ಕೈಸೇರಿದ ತಾರೀಖಿನಿಂದ. ಎಲ್ಲಕ್ಕೂ ಮಾರ್ಚ್ 31 ಎಂದು ಬರೆದಿಟ್ಟರೆ ಯಾವ ಸಾಫ್ಟ್‌ವೇರೂ ನಿಮ್ಮನ್ನು ಎಚ್ಚರಿಸಲಾರದು.

ಸರಿಪಡಿಸಲು ಅಡ್ಡದಾರಿ ಇರಲಿಲ್ಲ. ಹಳೆ ಕಂಪನಿಯಿಂದ ಮಾರ್ಚ್ 31ರ ಬಿಲ್‌ವಾರು ಬಾಕಿ ಪಟ್ಟಿ ಪ್ರಿಂಟ್ ತೆಗೆದೆವು. ಒಂದೊಂದೇ ಲೆಡ್ಜರ್ ತೆರೆದು ‘ಹಳೆ ಬಾಕಿ’ ಸಾಲು ತೆಗೆದು ನಿಜವಾದ ಬಿಲ್ಲುಗಳನ್ನು ತುಂಬಿದೆವು. ಆಮೇಲೆ ಅಷ್ಟರಲ್ಲಿ ಬಂದಿದ್ದ ಪ್ರತಿ ರಸೀದಿಯನ್ನೂ ಸರಿಯಾದ ಬಿಲ್ಲಿಗೆ ಹೊಂದಿಸಿದೆವು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮೊದಲು ಬದಲಿಸುವ ರೀತಿ, ಲಾಭದ ಲೆಕ್ಕ ಕೊನೆಗೆ. ‘ಹೊಸದಾಗಿ ಆರಂಭಿಸುವುದು’ ಎಂಬ ಯೋಚನೆಯೇ ಬೇಡ. ಇಆರ್‌ಪಿ 9ರ ಡೇಟಾ ಟ್ಯಾಲಿಪ್ರೈಮ್‌ಗೆ ಹಾಗೆಯೇ ಮೈಗ್ರೇಟ್ ಆಗುತ್ತದೆ, ಅಂದರೆ ಇಡಿಯಾಗಿ ವರ್ಗವಾಗುತ್ತದೆ, ಬಿಲ್ಲುಗಳ ಸಮೇತ. ಆದರೆ ಒಮ್ಮೆ ಮೈಗ್ರೇಟ್ ಆದ ಡೇಟಾ ಹಳೆಯದರಲ್ಲಿ ಮತ್ತೆ ತೆರೆಯದು. ಆದ್ದರಿಂದ ಮೊದಲು ಬ್ಯಾಕಪ್ ತೆಗೆದು, ಐದಂಕಿಯ ಹೆಸರಿನ ಆ ಡೇಟಾ ಫೋಲ್ಡರನ್ನು ಇಡಿಯಾಗಿ ಬೇರೆ ಡಿಸ್ಕಿಗೂ ನಕಲು ಮಾಡಿ. ನಂತರ ಹಳೆಯದರಲ್ಲೇ ಕಂಟ್ರೋಲ್-ಆಲ್ಟ್-ಆರ್ ಒತ್ತಿ ರೀರೈಟ್ (ಡೇಟಾವನ್ನು ಮತ್ತೆ ಬರೆದು ಸರಿಪಡಿಸುವುದು) ಮಾಡಿ. ಕೆಟ್ಟ ಎಂಟ್ರಿಗಳಿದ್ದರೆ ಅಲ್ಲೇ ಬಯಲಾಗಲಿ. ಟ್ರಯಲ್ ಬ್ಯಾಲೆನ್ಸ್, ಸ್ಟಾಕ್ ಸಮರಿ, ಬರಬೇಕಾದ ಮತ್ತು ಕೊಡಬೇಕಾದ ಬಿಲ್‌ವಾರು ಪಟ್ಟಿ, ಈ ನಾಲ್ಕನ್ನು ಕಾಗದದ ಮೇಲೆ ಇಟ್ಟುಕೊಳ್ಳಿ. ರೀರೈಟ್ ಆದ ಡೇಟಾದ ಇನ್ನೊಂದು ನಕಲು ತೆಗೆದು, ಆ ನಕಲಿನ ಮೇಲಷ್ಟೇ ಮೈಗ್ರೇಟ್ ಮಾಡಿ ನಾಲ್ಕನ್ನೂ ತಾಳೆ ನೋಡಿ. ಟ್ರಯಲ್ ಬ್ಯಾಲೆನ್ಸ್ ಒಂದನ್ನೇ ನಂಬಬೇಡಿ. ಸಲ್ಲಿಸಿ ಮುಗಿದ ತಿಂಗಳ ಜಿಎಸ್‌ಟಿ ರಿಟರ್ನುಗಳಿಗೆ ಸಲ್ಲಿಸಿದ್ದಾಗಿ ಗುರುತು ಹಾಕಿ.

ಬಿಲ್ ಪ್ರಿಂಟಿಗೆಂದು ಯಾರಿಂದಲೋ ಬರೆಸಿದ ಟಿಸಿಪಿ ಫೈಲುಗಳಿದ್ದರೆ (ಟ್ಯಾಲಿಗೆ ಹೊರಗಿನಿಂದ ಸೇರಿಸುವ ಪ್ರೋಗ್ರಾಂ) ಹೊಸದರಲ್ಲಿ ಅವು ಓಡದೆ ಹೋಗಬಹುದು. ಕಳೆದ ವಾರದ ನಿಜವಾದ ಬಿಲ್ಲುಗಳನ್ನೇ ನಕಲಿನಲ್ಲಿ ಮತ್ತೆ ಹಾಕಿ, ಪ್ರಿಂಟ್ ತೆಗೆದು ನೋಡಿ. ಹಳೆ ಟ್ಯಾಲಿ, ಹೊಸ ಟ್ಯಾಲಿ ಎರಡನ್ನೂ ಮೂರು ತಿಂಗಳು ಜೊತೆಗೆ ಓಡಿಸುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಎರಡು ಕಡೆ ಎಂಟ್ರಿ ಹಾಕುವ ಕೈ ಒಂದೇ ಆಗಿರುತ್ತದೆ, ಎರಡನೇ ವಾರಕ್ಕೆ ಒಂದು ಕಡೆ ಬಿಟ್ಟುಹೋಗುತ್ತದೆ. ಏಪ್ರಿಲ್ 1 ಕೂಡ ಕೆಟ್ಟ ಮುಹೂರ್ತ. ಸ್ಟಾಕ್ ಎಣಿಕೆ, ಮಾರ್ಚ್ ರಿಟರ್ನ್, ಆಡಿಟರ್ ಫೋನು ಎಲ್ಲ ಅದೇ ವಾರ. ಯಾವುದಾದರೂ ತಿಂಗಳ 20ಕ್ಕೆ 3ಬಿ (ತಿಂಗಳ ಜಿಎಸ್‌ಟಿ ರಿಟರ್ನ್) ಸಲ್ಲಿಸಿ, ನಂತರದ ಭಾನುವಾರ ಬದಲಿಸಿ. ಡೇಟಾ ಇಡಿಯಾಗಿ ಬರುವುದರಿಂದ ವರ್ಷದ ನಡುವೆ ಬದಲಿಸಿದರೂ ಬಿಲ್ ನಂಬರ್ ಸರಣಿ ಮುರಿಯದು.

ನಂಬರಿನ ವಿಷಯದಲ್ಲಿ ಇನ್ನೊಂದು. ವೋಚರ್ ಟೈಪಿನಲ್ಲಿ (ಬಿಲ್, ರಸೀದಿ ಮುಂತಾದ ಎಂಟ್ರಿಗಳ ಸೆಟ್ಟಿಂಗ್) ನಂಬರ್ ತಾನಾಗಿ ಬರುವಂತಿದ್ದರೆ, ಮಧ್ಯೆ ಬಿಟ್ಟುಹೋದ ಬಿಲ್ ಸೇರಿಸಿದಾಗ ಮುಂದಿನವೆಲ್ಲ ಒಂದೊಂದು ಸರಿಯುವ ಸಾಧ್ಯತೆ ಇದೆ. ಇ-ಇನ್‌ವಾಯ್ಸ್ ಆದ, ಅಂದರೆ ಸರ್ಕಾರದ ಪೋರ್ಟಲಿನಲ್ಲಿ ದಾಖಲಾದ, ಬಿಲ್ಲಿನ ನಂಬರ್ ಹೀಗೆ ಸರಿದರೆ ಪೋರ್ಟಲಿನಲ್ಲಿ ಒಂದು, ನಿಮ್ಮಲ್ಲಿ ಒಂದು. ಈಗಿನ ಟ್ಯಾಲಿಪ್ರೈಮ್‌ನಲ್ಲಿ ಮೂಲ ನಂಬರ್ ಉಳಿಸುವ ಆಯ್ಕೆ ಇದೆ, ಮೊದಲ ದಿನವೇ ಅದನ್ನು ಹಾಕಿ.

ಸ್ಟಾಕ್ ಹೆಸರುಗಳ ಕೊಳೆ ಮಾತ್ರ ಹೊಸದಕ್ಕೂ ಬಂದೇ ಬರುತ್ತದೆ. ನಮ್ಮಲ್ಲಿ ಒಂದೇ ಎಲ್ಬೋ ‘ಎಲ್ಬೋ 1 ಇಂಚು’, ‘1 ಇಂಚು ಎಲ್ಬೋ’, ‘25 ಎಂಎಂ ಎಲ್ಬೋ’ ಎಂದು ಮೂರು ಕಡೆ ಕೂತಿತ್ತು. ಒಂದರಲ್ಲಿ ಮೈನಸ್ ಸ್ಟಾಕ್, ಇನ್ನೊಂದರಲ್ಲಿ ರಾಶಿ. ಸ್ಟಾಕ್ ಜರ್ನಲ್ (ಒಂದು ಐಟಂನಿಂದ ಇನ್ನೊಂದಕ್ಕೆ ಮಾಲು ವರ್ಗಾಯಿಸುವ ಎಂಟ್ರಿ) ಹಾಕಿ ಒಂದಕ್ಕೆ ಸೇರಿಸಿ, ಖಾಲಿಯಾದ ಐಟಂಗಳಿಗೆ ಬೇರೆ ಹೆಸರಿಟ್ಟು, ಅವುಗಳ ಹಳೆ ಹೆಸರುಗಳನ್ನು ಉಳಿಸಿಕೊಂಡ ಐಟಂಗೆ ಅಲಿಯಾಸ್ (ಪರ್ಯಾಯ ಹೆಸರು) ಮಾಡಿ. ಎಚ್‌ಎಸ್‌ಎನ್ (ಜಿಎಸ್‌ಟಿಯಲ್ಲಿ ಮಾಲಿನ ಕೋಡ್) ಕೂಡ ಆಗಲೇ ನೋಡಿ: ವರ್ಷದ ವಹಿವಾಟು 5 ಕೋಟಿ ಮೀರಿದರೆ 6 ಅಂಕಿ. ತೆರಿಗೆ ದರವನ್ನು ಐಟಂ ಐಟಂಗೆ ಹಾಕದೆ ಗ್ರೂಪ್ ಮಟ್ಟದಲ್ಲಿಡಿ. 2025ರ ಸೆಪ್ಟೆಂಬರ್ 22ರಂದು ಸಿಮೆಂಟ್ 28ರಿಂದ 18ಕ್ಕೆ ಇಳಿದಾಗ ಗ್ರೂಪಿನಲ್ಲಿ ದರ ಇಟ್ಟವರಿಗೆ ಅದು ಒಂದು ಸಾಲಿನ ಕೆಲಸ.

ಲಾಭದ ಲೆಕ್ಕ ಯಾರಿಗೆ ಹೇಗೆ? ನಿಮ್ಮದು ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕೇಳುವ ಮಾತೇ ಇಲ್ಲ. 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ದಾಖಲೆ ಉಳಿಯುವ, ಆ ದಾಖಲೆಯನ್ನು ಆಫ್ ಮಾಡಲಾಗದ ಸಾಫ್ಟ್‌ವೇರ್ ಕಡ್ಡಾಯ. ವಹಿವಾಟು 5 ಕೋಟಿ ದಾಟಿದ್ದರೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಇದೆ. 10 ಕೋಟಿ ಮತ್ತು ಮೇಲಿನವರು 2025ರ ಏಪ್ರಿಲ್‌ನಿಂದ ಬಿಲ್ ಮಾಡಿದ 30 ದಿನದೊಳಗೆ ಪೋರ್ಟಲಿಗೆ ಏರಿಸಲೇಬೇಕು. ಹೊಸ ಟ್ಯಾಲಿಯಲ್ಲಿ ಬಿಲ್ ಸೇವ್ ಮಾಡುವಾಗಲೇ ಇ-ಇನ್‌ವಾಯ್ಸಿನ ಕ್ಯೂಆರ್ ಬಂದು ಕೂರುವುದು, 2ಬಿ (ಸರಬರಾಜುದಾರರು ತೋರಿಸಿದ ಬಿಲ್ಲುಗಳ ಜಿಎಸ್‌ಟಿ ಪಟ್ಟಿ) ಜೊತೆ ಖರೀದಿ ಅಲ್ಲೇ ತಾಳೆಯಾಗುವುದು, ಇವು ಸಾಕಷ್ಟು ಹೊತ್ತು ಉಳಿಸುತ್ತವೆ. ಒಬ್ಬರೇ ಮಾಲೀಕರು, 5 ಕೋಟಿಗಿಂತ ಕಡಿಮೆ, ಒಂದೇ ಕಂಪ್ಯೂಟರ್ ಎಂದಾದರೆ ಮೊದಲು ಬಾಕಿ ಪಟ್ಟಿ ಮತ್ತು ಸ್ಟಾಕ್ ಹೆಸರು ಸರಿಮಾಡಿ, ಅಪ್‌ಗ್ರೇಡ್ ಆಮೇಲೆ.

ಬದಲಿಸಿದ ಮೇಲೆ ಹಳೆ ಫೋಲ್ಡರಿನ ನಕಲನ್ನೂ ಅದನ್ನು ತೆರೆಯಬಲ್ಲ ಹಳೆ ಕಂಪ್ಯೂಟರನ್ನೂ ಗುಜರಿಗೆ ಹಾಕಬೇಡಿ. ಜಿಎಸ್‌ಟಿ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡಬೇಕು.