1/30ರವರೆಗೆ ಬಾಯಿಪಾಠ ಬೇಡ, ಮೊದಲು ಛೇದ ನೋಡಿ

ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ 1/2ರಿಂದ 1/30ರವರೆಗಿನ ಶೇಕಡಾ ಪಟ್ಟಿ ಬಾಯಿಪಾಠ ಮಾಡಲೇಬೇಕಾ, ಮಾಡಿದರೂ 7/16 ಅಂತ ಬಂದರೆ ತಡವರಿಸುತ್ತೇನೆ ಅಂತ ಕೇಳಿದ್ದೀರಿ. ಆ ಪಟ್ಟಿ ನನ್ನ ರೂಮಿನ ಗೋಡೆ ಮೇಲೂ ಇತ್ತು. ಕೋಚಿಂಗ್‌ನವರು ಕೊಟ್ಟ ಜೆರಾಕ್ಸ್. 1/17 ಅಂದರೆ 5.88, 1/19 ಅಂದರೆ 5.26. ಹಲ್ಲುಜ್ಜುವಾಗಲೂ ಅದೇ ಜಪ. ಇಷ್ಟೆಲ್ಲ ಗೊತ್ತಿದ್ದ ನಾನು ನನ್ನದೇ ಎಸ್ಸೆಸ್ಸೆಲ್ಸಿ ಶೇಕಡಾ ತಪ್ಪು ಲೆಕ್ಕ ಹಾಕಿ ಒಂದು ಕೆಲಸ ಕಳೆದುಕೊಂಡೆ.

ಪಿಯುಸಿ ಮುಗಿದಿತ್ತು. ಒಂದು ಕಂಪನಿ ಟ್ರೈನಿಗಳನ್ನು ಕರೆದಿತ್ತು. ಹತ್ತನೇ ತರಗತಿಯಲ್ಲಿ ಕನಿಷ್ಠ ಶೇಕಡಾ 60 ಇರಬೇಕು ಅಂತ ಷರತ್ತು. ಅರ್ಜಿಯಲ್ಲಿ ಅಂಕಗಳನ್ನು ಕೇಳಿರಲಿಲ್ಲ, ಬರೀ ಶೇಕಡಾ ಕೇಳಿದ್ದರು. ನನ್ನ ಅಂಕಗಳು ಹೀಗಿದ್ದವು: ಕನ್ನಡ 60, ಇಂಗ್ಲಿಷ್ 58, ಹಿಂದಿ 71, ಗಣಿತ 66, ವಿಜ್ಞಾನ 57, ಸಮಾಜ 61. ಹೌದು, ಕನ್ನಡದಲ್ಲೇ ಕಡಿಮೆ. ಬೈಯುವವರೆಲ್ಲ ಆಗಲೇ ಬೈದಾಗಿದೆ, ನೀವು ಬಿಡಿ.

ಕನ್ನಡ ನನ್ನ ಪ್ರಥಮ ಭಾಷೆ. ಅದಕ್ಕೆ 125 ಅಂಕ, ಉಳಿದ ಐದಕ್ಕೆ ನೂರು ನೂರು, ಒಟ್ಟು 625. ಇದು ನನಗೆ ಗೊತ್ತಿರಲಿಲ್ಲ ಅಂತಲ್ಲ. ಚೆನ್ನಾಗಿಯೇ ಗೊತ್ತಿತ್ತು. ಹಾಗಾಗಿ ಮೊದಲು 60/125ನ್ನು ಶೇಕಡಾ ಮಾಡಿಕೊಂಡೆ, 48 ಬಂತು. ಉಳಿದವು ಹೇಗೂ ನೂರಕ್ಕೇ ಇದ್ದವಲ್ಲ. ಆರನ್ನೂ ಕೂಡಿದೆ, 361. ಆರರಿಂದ ಭಾಗಿಸಿದೆ, 60.17. ಅರ್ಜಿಯಲ್ಲಿ ಅದನ್ನೇ ತುಂಬಿದೆ.

ಲಿಖಿತ ಪರೀಕ್ಷೆ ಪಾಸಾದೆ. ದಾಖಲೆ ಪರಿಶೀಲನೆಗೆ ಕರೆದರು. ಅಲ್ಲಿದ್ದವರು ಅಂಕಪಟ್ಟಿ ನೋಡಿ, ಒಟ್ಟು 373ನ್ನು 625ರಿಂದ ಭಾಗಿಸಿ, ಕ್ಯಾಲ್ಕುಲೇಟರನ್ನು ನನ್ನ ಕಡೆ ತಿರುಗಿಸಿದರು. 59.68. ನಾನು ಸುಮ್ಮನಿರಲಿಲ್ಲ. ನನ್ನ ಲೆಕ್ಕವೇ ಸರಿ ಅಂತ ಅಲ್ಲೇ ಒಂದು ಹಾಳೆಯಲ್ಲಿ ಬರೆದು ತೋರಿಸಿದೆ. ಅವರು ಹಾಳೆ ನೋಡಲೂ ಇಲ್ಲ, ಫೈಲ್ ವಾಪಸ್ ಕೊಟ್ಟರು. 60 ಆಗಲು 375 ಅಂಕ ಬೇಕಿತ್ತು, ಎರಡು ಕಡಿಮೆ. ಹೊಟ್ಟೆ ಉರಿದದ್ದು ಅದಕ್ಕಲ್ಲ. ಅದೇ ಸಮಯದಲ್ಲಿ ಇನ್ನೊಂದು ಕಡೆ ಶೇಕಡಾ 55 ಸಾಕು ಅಂತ ಕರೆದಿದ್ದರು. ಇದು ಸಿಕ್ಕೇ ಸಿಗುತ್ತದೆ ಅಂತ ಅದಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಇಲ್ಲಿಂದ ವಾಪಸ್ ಬರುವಷ್ಟರಲ್ಲಿ ಅದರ ಕೊನೆ ದಿನಾಂಕ ಮುಗಿದಿತ್ತು.

ಈಗ ಆ ತಪ್ಪನ್ನು ಬಿಡಿಸಿ ಹೇಳುತ್ತೇನೆ. ಸ್ವಲ್ಪ ಜಾಸ್ತಿಯೇ ಎಳೆಯುತ್ತೇನೆ, ಓದಿ. ನನ್ನ ಭಾಗಾಕಾರದಲ್ಲಿ ಒಂದೂ ತಪ್ಪಿರಲಿಲ್ಲ. 60/125 ಅಂದರೆ 48 ಹೌದು. 361/6 ಅಂದರೆ 60.17 ಹೌದು. ತಪ್ಪಿದ್ದು ಶೇಕಡಾಗಳನ್ನು ಕೂಡಿದ್ದರಲ್ಲಿ. 48 ಅಂತ ಬರೆದ ಕ್ಷಣವೇ ಕೆಳಗಿದ್ದ 125 ಕಣ್ಣಿಂದ ಮರೆಯಾಯಿತು. ಆರೂ ವಿಷಯಗಳು ಒಂದೇ ತೂಕದವು ಅನ್ನುವ ಹಾಗೆ ಕೂಡಿಬಿಟ್ಟೆ. ಆರರಿಂದ ಭಾಗಿಸಿದಾಗ ಕನ್ನಡಕ್ಕೆ ನಾನು ಕೊಟ್ಟ ಪಾಲು 1/6. ನಿಜವಾಗಿ ಅದರ ಪಾಲು 125/625, ಅಂದರೆ 1/5. ನಾನು ಅತಿ ಕಡಿಮೆ ತೆಗೆದ ವಿಷಯವೇ ಅತಿ ದೊಡ್ಡ ವಿಷಯವಾಗಿತ್ತು, ಅದನ್ನೇ ಚಿಕ್ಕದು ಮಾಡಿ ಲೆಕ್ಕ ಹಾಕಿದ್ದೆ.

ಸರಿಯಾಗಿ ಮಾಡಿ ನೋಡಿ. ಉಳಿದ ಐದರಲ್ಲಿ 313/500, ಅಂದರೆ 62.6. ಅದರ ಐದನೇ ನಾಲ್ಕು ಭಾಗ 50.08. ಕನ್ನಡದ 48ರಲ್ಲಿ ಐದನೇ ಒಂದು ಭಾಗ 9.6. ಎರಡೂ ಸೇರಿದರೆ 59.68. ಕ್ಯಾಲ್ಕುಲೇಟರ್ ತೋರಿಸಿದ್ದೂ ಅದೇ.

ಪ್ರಥಮ ಭಾಷೆಯಲ್ಲಿ ಜಾಸ್ತಿ ತೆಗೆದವರಿಗೆ ಇದೇ ತಪ್ಪು ಉಲ್ಟಾ ಹೊಡೆಯುತ್ತದೆ. ನನಗೆ ಕನ್ನಡದಲ್ಲಿ 110 ಬಂದಿದ್ದರೆ ನಿಜವಾದ ಶೇಕಡಾ 67.68 ಇರುತ್ತಿತ್ತು, ನನ್ನ ಸರಾಸರಿ ಲೆಕ್ಕದಲ್ಲಿ 66.83 ಬರುತ್ತಿತ್ತು. ಕೈಯಾರೆ ಅಂಕ ಬಿಟ್ಟುಕೊಟ್ಟ ಹಾಗೆ.

ಈ ಅಭ್ಯಾಸ ಅಂಟಿದ್ದು ಪಿಯುಸಿಯಿಂದ. ಅಲ್ಲಿ ಆರೂ ವಿಷಯ ನೂರು ನೂರು ಅಂಕದವು. ಶೇಕಡಾಗಳನ್ನು ಕೂಡಿ ಆರರಿಂದ ಭಾಗಿಸಿದರೂ ಸರಿಯಾದ ಉತ್ತರವೇ ಬರುತ್ತದೆ. ಛೇದಗಳು ಒಂದೇ ಆಗಿದ್ದಾಗ ಮಾತ್ರ ಈ ಆಟ ನಡೆಯುತ್ತದೆ ಅಂತ ನನಗೆ ಯಾರೂ ಹೇಳಲಿಲ್ಲ. ಗೋಡೆ ಮೇಲಿನ ಪಟ್ಟಿಯಲ್ಲೂ ಇರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಭಿನ್ನರಾಶಿಯನ್ನು ಶೇಕಡಾ ಮಾಡುವುದು ಒಂದು ವಿದ್ಯೆಯೇ ಅಲ್ಲ. ನೂರರಿಂದ ಗುಣಿಸಿ, ಛೇದದಿಂದ ಭಾಗಿಸಿ, ಮುಗಿಯಿತು. ಆ ಛೇದ ಎಷ್ಟು, ಯಾಕೆ ಅಷ್ಟು ಅಂತ ಕೇಳಿಕೊಳ್ಳುವುದೇ ಕಷ್ಟದ ಕೆಲಸ. ಊರಲ್ಲಿ ನಮ್ಮ ಚಿಕ್ಕಪ್ಪ ಪಹಣಿ ಇಟ್ಟುಕೊಂಡು ಕೂತಿದ್ದರು. ಜಮೀನು 1.20, ಅದರಲ್ಲಿ ಅವರ ಪಾಲು 24 ಗುಂಟೆ. ಕ್ಯಾಲ್ಕುಲೇಟರಿನಲ್ಲಿ 0.24ನ್ನು 1.20ರಿಂದ ಭಾಗಿಸಿ, ಬರೀ ಶೇಕಡಾ 20 ಅಂತ ಜಗಳಕ್ಕೇ ಹೊರಟಿದ್ದರು. ಪಹಣಿಯಲ್ಲಿ ಚುಕ್ಕೆ ಆದ ಮೇಲೆ ಇರುವುದು ಗುಂಟೆ. ಎಕರೆಗೆ 40 ಗುಂಟೆ, ಹಾಗಾಗಿ 1.20 ಅಂದರೆ ಒಂದೂವರೆ ಎಕರೆ, 60 ಗುಂಟೆ. 60ರಲ್ಲಿ 24 ಅಂದರೆ ಶೇಕಡಾ 40. ಭಾಗಾಕಾರ ಸರಿ, ಛೇದ ತಪ್ಪು. ಪಾಲು ಅರ್ಧಕ್ಕರ್ಧ ಕಡಿಮೆ ಕಂಡಿತ್ತು.

ಇನ್ನು ನಿಮ್ಮ 7/16. ಅಜ್ಜ ಅಜ್ಜಿಯರ ಕಾಲದ ಆಣೆ ಲೆಕ್ಕ ಕೇಳಿದ್ದೀರಲ್ವಾ? 1957ರ ಏಪ್ರಿಲ್‌ನಲ್ಲಿ ಹೊಸ ಪೈಸೆ ಬರುವವರೆಗೂ ರೂಪಾಯಿಗೆ ಹದಿನಾರು ಆಣೆ. ಆಮೇಲೆ ಅದೇ ರೂಪಾಯಿಗೆ ನೂರು ಪೈಸೆ. ಅಂದರೆ ಹದಿನಾರರ ಲೆಕ್ಕವನ್ನು ನೂರಕ್ಕೆ ಇಳಿಸುವ ಕೆಲಸವನ್ನು ಇಡೀ ದೇಶವೇ ಮಾಡಿ ಮುಗಿಸಿದೆ. ನಾಲ್ಕಾಣೆ 25, ಎಂಟಾಣೆ 50, ಹನ್ನೆರಡಾಣೆ 75. ಒಂದಾಣೆ 6.25. ಏಳಾಣೆ ಅಂದರೆ ಎಂಟಾಣೆಗೆ ಒಂದಾಣೆ ಕಡಿಮೆ. 50ರಲ್ಲಿ 6.25 ಕಳೆಯಿರಿ, 43.75. ಇದಕ್ಕೆ ಪಟ್ಟಿ ಯಾಕೆ ಬೇಕು?

ನೆನಪಿಡಬೇಕಾದದ್ದು ತುಂಬಾ ಕಡಿಮೆ. ಅರ್ಧದಿಂದ ಕಾಲು, ಕಾಲಿನಿಂದ 1/8ರ 12.5, ಅದರಿಂದ 1/16. 1/3ರ 33.33 ಗೊತ್ತಿದ್ದರೆ ಅದರ ಅರ್ಧ 1/6, ಅದರ ಅರ್ಧ 1/12. 1/5ರ 20ನ್ನು ಅರ್ಧ ಮಾಡುತ್ತಾ ಹೋದರೆ 1/10, 1/20, 1/40. ಹಾಗಾಗಿ ಒಂದು ಗುಂಟೆ ಅಂದರೆ ಎಕರೆಯ ಶೇಕಡಾ 2.5. 1/9 ಅಂದರೆ 11.11, 1/11 ಅಂದರೆ 9.09, ಇವೆರಡೂ ಒಂದನ್ನೊಂದು ನೋಡಿ ನಗುವ ಜೋಡಿ, ತಾನಾಗಿಯೇ ನೆನಪಿರುತ್ತದೆ. 1/7 ಒಂದೇ ತರಲೆ, 14.29 ಅಂತ ಬಾಯಿಪಾಠ ಮಾಡಿ. 1/23 ಯಾವ ಪುಣ್ಯಾತ್ಮ ಕೇಳುತ್ತಾನೆ? ಕೇಳಿದರೆ 4ಕ್ಕಿಂತ ಸ್ವಲ್ಪ ಜಾಸ್ತಿ ಅಂತ ಅಂದಾಜು ಮಾಡಿ ಆಯ್ಕೆಗಳನ್ನು ನೋಡಿ.

ನಿಜ ಹೇಳಬೇಕೆಂದರೆ ಪರೀಕ್ಷೆಯಲ್ಲಿ ನಿಮಗೆ ಜಾಸ್ತಿ ಬೇಕಾಗುವುದು ಉಲ್ಟಾ ದಾರಿ. ಶೇಕಡಾ ಕೊಟ್ಟಿರುತ್ತಾರೆ, ನೀವು ಭಿನ್ನರಾಶಿ ಮಾಡಿಕೊಳ್ಳಬೇಕು. 640ರಲ್ಲಿ ಶೇಕಡಾ 37.5 ಎಷ್ಟು ಅಂತ ಗುಣಿಸುತ್ತಾ ಕೂತರೆ ಸಮಯ ಹೋಯಿತು. 37.5 ಅಂದರೆ 3/8. 640ರ ಎಂಟನೇ ಒಂದು ಭಾಗ 80, ಮೂರು ಪಟ್ಟು 240. ಸಕ್ಕರೆ ಬೆಲೆ ಶೇಕಡಾ 25 ಏರಿದೆ, ಖರ್ಚು ಅಷ್ಟೇ ಇರಬೇಕಾದರೆ ಬಳಕೆ ಎಷ್ಟು ಇಳಿಸಬೇಕು ಅನ್ನುವ ಪ್ರಶ್ನೆ ಎಲ್ಲ ಪುಸ್ತಕದಲ್ಲೂ ಇದೆ. ಅವಸರದಲ್ಲಿ 25 ಅಂತ ಗುರುತು ಹಾಕಿ ಬರುವವರು ಎಷ್ಟೋ ಜನ. ನಾಲ್ಕು ಇದ್ದ ಬೆಲೆ ಐದಾಯಿತು. ಐದರಿಂದ ನಾಲ್ಕಕ್ಕೆ ಇಳಿಯಬೇಕು ಅಂದರೆ 1/5, ಶೇಕಡಾ 20. ಏರಿದ್ದು ನಾಲ್ಕರ ಮೇಲೆ, ಇಳಿಸುವುದು ಐದರ ಮೇಲೆ. ಇಲ್ಲೂ ಛೇದದ್ದೇ ಕಥೆ. ಶೇಕಡಾದಲ್ಲೇ ಯೋಚಿಸಿದರೆ ಅದು ಕಾಣುವುದಿಲ್ಲ, ಭಿನ್ನರಾಶಿಯಲ್ಲಿ ಎದುರಿಗೇ ಕಾಣುತ್ತದೆ. ತಪ್ಪು ಉತ್ತರಕ್ಕೆ ಕಾಲು ಅಂಕ ಬೇರೆ ಕಳೆಯುತ್ತಾರೆ.

ಬ್ಯಾಂಕ್ ಅರ್ಜಿ ತುಂಬುವಾಗಲೂ ಹುಷಾರು. ಎಸ್ಸೆಸ್ಸೆಲ್ಸಿಯ ಒಟ್ಟು 625 ಆಗಿದ್ದರೆ ಸುಲಭ ದಾರಿ ಇದೆ: ಒಟ್ಟು ಅಂಕವನ್ನು 16ರಿಂದ ಗುಣಿಸಿ, ಹಿಂದಿನಿಂದ ಎರಡು ಅಂಕಿ ಬಿಟ್ಟು ಚುಕ್ಕೆ ಇಡಿ. 373 ಗುಣಿಸು 16 ಅಂದರೆ 5968, ಅಂದರೆ 59.68. 625ನ್ನು 16ರಿಂದ ಗುಣಿಸಿದರೆ ಸರಿಯಾಗಿ ಹತ್ತು ಸಾವಿರ ಬರುವುದರಿಂದ ಇದು ನಡೆಯುತ್ತದೆ. ಬಂದದ್ದನ್ನು ದುಂಡಗೆ ಮಾಡಬೇಡಿ. 59.99 ಇದ್ದರೂ 60ಕ್ಕಿಂತ ಕಡಿಮೆ ಅಂತಲೇ ಲೆಕ್ಕ ಎಂದು ಬ್ಯಾಂಕ್ ನೇಮಕಾತಿ ಅಧಿಸೂಚನೆಗಳಲ್ಲಿ ಮುದ್ರಿಸಿಯೇ ಇರುತ್ತಾರೆ. ಡಿಗ್ರಿಯದು ಸಿಜಿಪಿಎ ಆಗಿದ್ದರೆ ಸುಮ್ನೆ ಹತ್ತರಿಂದ ಗುಣಿಸಿ ಹಾಕಬೇಡಿ, ನಿಮ್ಮ ವಿಶ್ವವಿದ್ಯಾಲಯ ಕೊಟ್ಟಿರುವ ಸೂತ್ರವನ್ನೇ ಬಳಸಿ. ಆ ಸೂತ್ರ ಇರುವ ಕಾಗದವನ್ನು ಪರಿಶೀಲನೆಗೆ ಹೋಗುವಾಗ ಅಂಕಪಟ್ಟಿ ಜೊತೆ ಇಟ್ಟುಕೊಳ್ಳಿ.